ಕಂಡ ಸುದ್ದಿ, ಕಲಿತ ಪದ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಮಗುವನ್ನು ಕನ್ನಡ ಮಾಧ್ಯಮದಲ್ಲಿಯೇ ಮುಂದುವರಿಸುವುದೋ, ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದೋ? ತಾಯಿ ಒಂದು ಮಾತು ಹೇಳುತ್ತಾಳೆ, ತಂದೆ ಇನ್ನೊಂದು ಹೇಳುತ್ತಾನೆ, ಪೇಟೆಯಲ್ಲಿರುವ ಮಾವ ಫೋನಿನಲ್ಲಿ ಮೂರನೆಯದನ್ನು ಹೇಳುತ್ತಾನೆ. ಮಾತೆಲ್ಲ ಮುಗಿದು ಕೊನೆಗೆ ಉಳಿಯುವುದು ಒಂದೇ ಅಂಜಿಕೆ: ಕನ್ನಡದಲ್ಲಿ ಓದಿದ ಮಗುವಿಗೆ ಇಂಗ್ಲಿಷ್ ಬಾರದು.

ಈ ಅಂಜಿಕೆಯನ್ನು ಭಾಷಾಭಿಮಾನದ ಕೊರತೆಯೆಂದು ಜರೆಯುವುದು ಸುಲಭ, ಆದರೆ ನ್ಯಾಯವಲ್ಲ. ಸರ್ವೋಚ್ಚ ನ್ಯಾಯಾಲಯದ ಹಾಗೂ ಉಚ್ಚ ನ್ಯಾಯಾಲಯಗಳ ಭಾಷೆ ಸಾಮಾನ್ಯವಾಗಿ ಇಂಗ್ಲಿಷ್ ಆಗಿರತಕ್ಕದ್ದು ಎಂದು ಸಂವಿಧಾನದ 348ನೇ ವಿಧಿಯೇ ಹೇಳುತ್ತದೆ. ವೈದ್ಯಕೀಯ ಮತ್ತು ತಾಂತ್ರಿಕ ಶಿಕ್ಷಣದ ಪುಸ್ತಕಗಳೂ ಬಹುಪಾಲು ಅದೇ ಭಾಷೆಯಲ್ಲಿವೆ. ಹಾಗಾಗಿ ಹೆತ್ತವರ ಚಿಂತೆಗೆ ಆಧಾರವಿದೆ. ಆದರೆ ಆ ಚಿಂತೆಯನ್ನು ಬಿಡಿಸಿ ನೋಡಿದರೆ ಅದರ ತಿರುಳು ವ್ಯಾಕರಣವಲ್ಲ, ಉಚ್ಚಾರಣೆಯೂ ಅಲ್ಲ; ಪದಗಳು. ಹತ್ತು ವರ್ಷ ಇಂಗ್ಲಿಷನ್ನು ಒಂದು ಪಾಠವಾಗಿ ಕಲಿತ ಮಗು ವಾಕ್ಯದ ಜಾಡನ್ನು ಹೇಗೋ ಹಿಡಿಯುತ್ತದೆ. ಅರ್ಥ ತಿಳಿಯದ ಪದಗಳು ಸಾಲುಸಾಲಾಗಿ ಎದುರಾದಾಗ ಪುಸ್ತಕ ಮುಚ್ಚುತ್ತದೆ. ಕೊರತೆ ಪದಗಳದ್ದಾದರೆ ಅದನ್ನು ತುಂಬಿಸಿಕೊಳ್ಳುವುದಕ್ಕೆ ಮಾಧ್ಯಮವನ್ನೇ ಬದಲಿಸಬೇಕಾಗಿಲ್ಲ. ದಿನವೂ ಅಂಗಳಕ್ಕೆ ಬಂದು ಬೀಳುವ ಪತ್ರಿಕೆ ಸಾಕು, ಅದನ್ನು ಓದುವ ಕ್ರಮ ತಿಳಿದಿದ್ದರೆ.

ಪದಗಳ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವ ಪದ್ಧತಿ ಹಳೆಯದು. ಇಂದು ಇಪ್ಪತ್ತು ಪದ ಕಲಿತ ಮಗು ಮುಂದಿನ ವಾರ ಹದಿನೈದನ್ನು ಮರೆತಿರುತ್ತದೆ. ಆ ಪದಗಳಿಗೆ ಊರಿಲ್ಲ, ದಿನಾಂಕವಿಲ್ಲ, ಮನುಷ್ಯರಿಲ್ಲ. ಸುದ್ದಿಯಲ್ಲಿ ಬರುವ ಪದಕ್ಕೆ ಇವೆಲ್ಲವೂ ಇವೆ. ಅದಕ್ಕಿಂತಲೂ ದೊಡ್ಡ ಅನುಕೂಲ ಇನ್ನೊಂದಿದೆ. ಆ ಸುದ್ದಿಯನ್ನು ಮಗು ಈಗಾಗಲೇ ಕನ್ನಡದಲ್ಲಿ ಓದಿದ್ದರೆ, ಅಥವಾ ಅದು ತನ್ನ ಊರಿನಲ್ಲಿಯೇ ನಡೆದದ್ದಾದರೆ, ಸಂಗತಿ ಹೊಸದಲ್ಲ, ಪದವಷ್ಟೇ ಹೊಸದು. ಸಂಗತಿಯನ್ನೂ ಪದವನ್ನೂ ಒಟ್ಟಿಗೆ ಅರಿಯಬೇಕಾದ ಭಾರ ಅರ್ಧಕ್ಕೆ ಇಳಿಯುತ್ತದೆ.

ಮಳೆಗಾಲವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಜೂನ್ ಕಳೆಯುವಷ್ಟರಲ್ಲಿ ಈ ಜಿಲ್ಲೆಯ ಒಂದನೇ ತರಗತಿಯ ಮಗುವಿಗೂ 'ರೆಡ್ ಅಲರ್ಟ್' ಎಂದರೆ ಏನೆಂದು ತಿಳಿದಿರುತ್ತದೆ. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಸಾರುವ ನಿರೀಕ್ಷೆ ಅದರೊಂದಿಗೆ ಅಂಟಿಕೊಂಡಿದೆ. ಆದರೆ ಹವಾಮಾನ ಇಲಾಖೆಯ ಬಣ್ಣಗಳಿಗೆ ಖಚಿತವಾದ ಅರ್ಥಗಳಿವೆ. ಹಳದಿ ಎಂದರೆ ಗಮನಿಸುತ್ತಿರಿ, ಕಿತ್ತಳೆ ಎಂದರೆ ಸನ್ನದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. 'ಹೆವಿ ರೇನ್' ಎಂಬುದು ಬರಿಯ ಜೋರು ಮಳೆಯಲ್ಲ. 24 ಗಂಟೆಗಳಲ್ಲಿ 64.5ರಿಂದ 115.5 ಮಿಲ್ಲಿಮೀಟರ್ ವರೆಗೆ ಸುರಿಯುವ ಮಳೆ. ಅದಕ್ಕೂ ಮೇಲೆ 204.4 ಮಿಲ್ಲಿಮೀಟರ್ ವರೆಗಿನದು 'ವೆರಿ ಹೆವಿ', ಅದನ್ನೂ ಮೀರಿದ್ದು 'ಎಕ್ಸ್‌ಟ್ರೀಮ್‌ಲಿ ಹೆವಿ'. ಅದೇ ಮುನ್ಸೂಚನೆಯಲ್ಲಿ ಬರುವ 'ಐಸೊಲೇಟೆಡ್' ಎಂದರೆ ಅಲ್ಲೊಂದು ಇಲ್ಲೊಂದು ಕಡೆ. ಮಳೆಮಾಪನ ಕೇಂದ್ರಗಳಲ್ಲಿ ನಾಲ್ಕನೇ ಒಂದು ಪಾಲನ್ನು ಮೀರದಷ್ಟು. 'ಸ್ಕ್ಯಾಟರ್ಡ್' ಎಂದರೆ ಅದಕ್ಕಿಂತ ಹೆಚ್ಚು, ಅರ್ಧದ ವರೆಗೆ. 'ವೈಡ್‌ಸ್ಪ್ರೆಡ್' ಎಂದರೆ ಮುಕ್ಕಾಲು ಪಾಲಿಗಿಂತಲೂ ಹೆಚ್ಚಿನ ಕಡೆ.

'ಡಿಪ್ರೆಶನ್' ಎಂಬ ಪದವನ್ನು ಮನಸ್ಸಿನ ಖಿನ್ನತೆಯೆಂದು ಮಾತ್ರ ತಿಳಿದವರಿಗೆ ಅರಬ್ಬೀ ಸಮುದ್ರಕ್ಕೆ ಅದು ಬಂತೆಂಬ ಸುದ್ದಿ ವಿಚಿತ್ರವಾಗಿ ಕಾಣಬಹುದು. ಗಾಳಿ ಗಂಟೆಗೆ 31ರಿಂದ 49 ಕಿಲೋಮೀಟರ್ ವೇಗ ಪಡೆದ ವಾಯುಭಾರ ಕುಸಿತಕ್ಕೆ ಆ ಹೆಸರು. 62ನ್ನು ಮುಟ್ಟಿದರೆ ಅದು 'ಸೈಕ್ಲೋನಿಕ್ ಸ್ಟಾರ್ಮ್', ಅಂದರೆ ಚಂಡಮಾರುತ. ಆಗಲೇ ಅದಕ್ಕೊಂದು ಹೆಸರಿಡುವುದು. 2021ರ ಮೇ ತಿಂಗಳಲ್ಲಿ ಈ ಕರಾವಳಿಯನ್ನು ಕಾಡಿದ 'ತೌಕ್ತೆ'ಯ ಹೆಸರನ್ನು ಸೂಚಿಸಿದ್ದು ಮ್ಯಾನ್ಮಾರ್. ಅದೊಂದು ಹಲ್ಲಿಯ ಹೆಸರು. ಕಡಲು ಕೊರೆದ ದಡವನ್ನು ಕಣ್ಣಾರೆ ಕಂಡ ಮಗುವಿಗೆ 'ಇರೋಶನ್' ಎಂಬ ಪದವನ್ನು ಎರಡು ಸಲ ಹೇಳಿಕೊಡಬೇಕಾಗಿಲ್ಲ.

ಆದರೆ ಸುದ್ದಿಯ ಇಂಗ್ಲಿಷಿಗೆ ತನ್ನದೇ ಆದ ಕೆಲವು ಕಟ್ಟಳೆಗಳಿವೆ. ಪಾಠಪುಸ್ತಕದ ವ್ಯಾಕರಣ ತಲೆಬರಹದಲ್ಲಿ ನಡೆಯದು. ನಿನ್ನೆ ನಡೆದದ್ದನ್ನು ಅಲ್ಲಿ ವರ್ತಮಾನಕಾಲದಲ್ಲಿ ಬರೆಯುತ್ತಾರೆ. ನಾಳೆ ನಡೆಯಬೇಕಾದದ್ದಕ್ಕೆ ಕ್ರಿಯಾಪದದ ಹಿಂದೆ ಒಂದು 'ಟು' ಹಾಕಿ ಮುಗಿಸುತ್ತಾರೆ. 'ವಾಸ್', 'ವರ್' ಮೊದಲಾದ ಸಹಾಯಕ ಕ್ರಿಯಾಪದಗಳನ್ನು ಜಾಗ ಉಳಿಸುವುದಕ್ಕೆ ಕಿತ್ತು ಹಾಕುತ್ತಾರೆ. ಈ ಮೂರು ನಿಯಮಗಳು ಗೊತ್ತಿಲ್ಲದ ಮಗುವಿಗೆ ಮೊದಲ ಪುಟವೇ ಗೋಡೆಯಾಗುತ್ತದೆ.

ಗಡಿಭಾಗದ ಒಂದು ಮನೆಯಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು 'ಟೂ ಹೆಲ್ಡ್' ಎಂಬ ತಲೆಬರಹದ ಮುಂದೆ ಹೀಗೆಯೇ ನಿಂತಳು. ಹೋಲ್ಡ್ ಎಂದರೆ ಹಿಡಿ, ಅದರ ಭೂತಕಾಲ ಹೆಲ್ಡ್ ಎಂದು ಶಾಲೆಯಲ್ಲಿ ಕಲಿತಿದ್ದಳು. "ಅಜ್ಜಾ, ಇಬ್ಬರು ಹಿಡಿದರು ಅಂತ ಇದೆ. ಏನನ್ನು ಹಿಡಿದದ್ದು ಅಂತ ಬರೆದೇ ಇಲ್ಲ" ಎಂದು ದೂರಿದಳು. ಜಗಲಿಯಲ್ಲಿ ಕುಳಿತ ಅಜ್ಜನಿಗೆ ಇಂಗ್ಲಿಷ್ ಅಕ್ಷರವೂ ಬಾರದು. "ಎಲ್ಲಿಯ ಸುದ್ದಿ ಮಗಾ ಅದು?" ಎಂದು ಕೇಳಿದರು. ಅವಳು ಊರಿನ ಹೆಸರು ಓದಿದಳು, ಸ್ಕೂಟರ್ ಎಂಬ ಪದವನ್ನೂ ಓದಿದಳು. "ಓ, ಅದು ಸ್ಕೂಟರ್ ಕದ್ದವರ ಸುದ್ದಿ. ಕನ್ನಡ ಪೇಪರಿನಲ್ಲಿಯೂ ಉಂಟು. ಅವರು ಹಿಡಿದದ್ದಲ್ಲ, ಅವರನ್ನೇ ಪೊಲೀಸರು ಹಿಡಿದದ್ದು" ಎಂದರು ಅಜ್ಜ. ಕಿತ್ತು ಹಾಕಿದ 'ವರ್' ಎಂಬ ಪದ ಎಲ್ಲಿರಬೇಕಿತ್ತೆಂದು ಹುಡುಗಿಗೆ ಆ ಕ್ಷಣವೇ ಹೊಳೆಯಿತು. ಇಂಗ್ಲಿಷ್ ಬಾರದ ಅಜ್ಜ ಇಂಗ್ಲಿಷಿನ ಕರ್ಮಣಿ ಪ್ರಯೋಗವನ್ನು ಕಲಿಸಿದ್ದು ಹೀಗೆ. ಮಕ್ಕಳಿಗೆ ಕಲಿಸುವುದಕ್ಕೆ ನಮಗೇ ಇಂಗ್ಲಿಷ್ ಗೊತ್ತಿಲ್ಲ ಎಂದು ಕೈಚೆಲ್ಲುವ ಹೆತ್ತವರು ಇದನ್ನು ಗಮನಿಸಬೇಕು. ಪದವನ್ನು ಮಗು ಓದಲಿ. ಸಂಗತಿಯನ್ನು ಹೇಳುವುದಕ್ಕೆ ಮನೆಯ ಹಿರಿಯರು ಸಾಕು.

ಅದೇ 'ಹೆಲ್ಡ್' ಮುಂದಿನ ಪುಟದಲ್ಲಿ ಬೇರೆ ವೇಷದಲ್ಲಿ ಬರುತ್ತದೆ. ಚುನಾವಣೆಯ ಸುದ್ದಿಯಲ್ಲಿ 'ನಡೆಯಿತು' ಎಂದರ್ಥ. ನ್ಯಾಯಾಲಯದ ಸುದ್ದಿಯಲ್ಲಿ 'ತೀರ್ಮಾನಿಸಿತು' ಎಂದರ್ಥ. ಇಂತಹ ಪದಗಳು ನ್ಯಾಯಾಲಯದ ವರದಿಗಳಲ್ಲಿ ಬಹಳ. ಶಾಲೆಯಲ್ಲಿ 'ಸೆಂಟೆನ್ಸ್' ಎಂದರೆ ವಾಕ್ಯ; ನ್ಯಾಯಾಲಯದಲ್ಲಿ ಶಿಕ್ಷೆ. ಶಾಲೆಯಲ್ಲಿ 'ಲೀವ್' ಎಂದರೆ ರಜೆ. ಸರ್ವೋಚ್ಚ ನ್ಯಾಯಾಲಯದ 'ಸ್ಪೆಷಲ್ ಲೀವ್ ಪಿಟಿಷನ್'ನಲ್ಲಿ ಅದು ಅನುಮತಿ. 'ಸ್ಟೇ' ಎಂದರೆ ತಂಗುವುದು. ನ್ಯಾಯಾಲಯ ಕೊಟ್ಟರೆ ತಡೆಯಾಜ್ಞೆ. 'ಬೆಂಚ್' ಎಂದರೆ ಕುಳಿತುಕೊಳ್ಳುವ ಹಲಗೆ, ಅಲ್ಲಿ ನ್ಯಾಯಪೀಠ. 'ರೋ' ಎಂದರೆ ಸಾಲು. ತಲೆಬರಹದಲ್ಲಿ ವಿವಾದ, ಉಚ್ಚಾರವೂ ಆಗ 'ರೌ'. ಹೆದ್ದಾರಿಯಲ್ಲಿ 'ಟೋಲ್' ಎಂದರೆ ಸುಂಕ. ಅಪಘಾತದ ಸುದ್ದಿಯಲ್ಲಿ ಸತ್ತವರ ಸಂಖ್ಯೆ. ನಿಘಂಟು ಈ ಅರ್ಥಗಳನ್ನೆಲ್ಲ ಒಂದರ ಕೆಳಗೊಂದು ಕೊಡುತ್ತದೆ, ಆದರೆ ಯಾವುದನ್ನು ಆರಿಸಬೇಕೆಂದು ಹೇಳುವುದು ಸುದ್ದಿಯೇ.

ಪದದ ಆಯ್ಕೆಯಲ್ಲಿ ಕೆಲವೊಮ್ಮೆ ಮನುಷ್ಯನ ಮಾನವೇ ಅಡಗಿರುತ್ತದೆ. 'ಅಕ್ಯೂಸ್ಡ್' ಎಂದರೆ ಆರೋಪಿ, 'ಕನ್ವಿಕ್ಟ್' ಎಂದರೆ ಅಪರಾಧಿಯೆಂದು ನ್ಯಾಯಾಲಯ ತೀರ್ಮಾನಿಸಿದ ವ್ಯಕ್ತಿ. ಇವೆರಡರ ನಡುವೆ ಒಂದು ಇಡೀ ವಿಚಾರಣೆಯಿದೆ. ವಿಚಾರಣೆ ಮುಗಿದು ದೋಷಮುಕ್ತನಾದರೆ 'ಅಕ್ವಿಟೆಡ್'. ಆರೋಪ ಹೊರಿಸುವುದಕ್ಕೇ ಸಾಕಷ್ಟು ಆಧಾರವಿಲ್ಲವೆಂದು ಮೊದಲೇ ಬಿಟ್ಟರೆ 'ಡಿಸ್ಚಾರ್ಜ್ಡ್'. ಜಾಮೀನು ದೊರೆತ ಮಾತ್ರಕ್ಕೆ ನಿರಪರಾಧಿಯೆಂದಲ್ಲ. ದೊರೆಯದ ಮಾತ್ರಕ್ಕೆ ಅಪರಾಧಿಯೆಂದೂ ಅಲ್ಲ. 'ಅಲೆಜ್ಡ್' ಎಂಬ ಸಣ್ಣ ವಿಶೇಷಣಕ್ಕೆ ಕನ್ನಡದಲ್ಲಿ 'ಎನ್ನಲಾದ' ಎಂಬ ಸಮಾನ ಪ್ರಯೋಗವಿದೆ. ಅದನ್ನು ಬಿಟ್ಟು ಸುದ್ದಿಯನ್ನು ಫೋನಿನಿಂದ ಫೋನಿಗೆ ದಾಟಿಸಿದರೆ ನೆರೆಮನೆಯವನೊಬ್ಬ ಆರೋಪಿಯಿಂದ ನೇರವಾಗಿ ಅಪರಾಧಿಯಾಗಿ ಬಿಡುತ್ತಾನೆ. ಮಗುವಿಗೆ ಈ ಪದಗಳನ್ನು ಕಲಿಸುವುದೆಂದರೆ ಅವಸರದ ತೀರ್ಪು ಕೊಡದಿರುವುದನ್ನೂ ಕಲಿಸಿದಂತೆ.

ಕಾಸರಗೋಡಿನ ಮಕ್ಕಳಿಗೆ ಇಲ್ಲಿ ಇನ್ನೊಂದು ತೊಡಕೂ ಒಂದು ಲಾಭವೂ ಇವೆ. ಅವರ ಕಿವಿಗೆ ಮಲಯಾಳ ಸುದ್ದಿಯೂ ಬೀಳುತ್ತದೆ. ಮಲಯಾಳದಲ್ಲಿ 'ವಿಧಿ' ಎಂದರೆ ನ್ಯಾಯಾಲಯದ ತೀರ್ಪು. ಕನ್ನಡದಲ್ಲಿ ಸಂವಿಧಾನದ ಅನುಚ್ಛೇದ, ಇಲ್ಲವೇ ಹಣೆಬರಹ. ಮಲಯಾಳದಲ್ಲಿ 'ಪ್ರತಿ' ಎಂದರೆ ಆರೋಪಿ, ಕನ್ನಡದಲ್ಲಿ ನಕಲು. ಅಲ್ಲಿಯ 'ಹರ್ಜಿ' ಇಲ್ಲಿಯ ಅರ್ಜಿ, ಅಲ್ಲಿಯ 'ಜಾಮ್ಯಂ' ಇಲ್ಲಿಯ ಜಾಮೀನು. ಒಂದೇ ಸುದ್ದಿಯನ್ನು ಮೂರು ಭಾಷೆಗಳಲ್ಲಿ ಕೇಳಿದ ಮಗುವಿಗೆ ಪದ ಬೇರೆ, ಪದಾರ್ಥ ಬೇರೆ ಎಂಬ ತಿಳಿವು ತಾನಾಗಿ ಬರುತ್ತದೆ. ಒಂದೇ ಭಾಷೆಯಲ್ಲಿ ಬೆಳೆದ ಮಗುವಿಗೆ ಅದನ್ನು ವಿವರಿಸಿ ಹೇಳಬೇಕಾಗುತ್ತದೆ. ಇನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಕ್ರಿಮಿನಲ್ ಕಾಯಿದೆಗಳನ್ನು ಇಂಗ್ಲಿಷ್ ಪತ್ರಿಕೆಗಳೂ 'ಭಾರತೀಯ ನ್ಯಾಯ ಸಂಹಿತೆ', 'ಭಾರತೀಯ ಸಾಕ್ಷ್ಯ ಅಧಿನಿಯಮ' ಎಂಬ ಹೆಸರುಗಳಿಂದಲೇ ಕರೆಯುತ್ತವೆ. ಅಲ್ಲಿ ಅರ್ಥಕ್ಕಾಗಿ ತಡಕಾಡಬೇಕಾದವರು ಕನ್ನಡದ ಮಕ್ಕಳಲ್ಲ.

ಈ ಜಿಲ್ಲೆಯ ಮಕ್ಕಳು ಕಲಿಯಲೇಬೇಕಾದ ಕೆಲವು ಪದಗಳು ನೋವಿನಿಂದ ಬಂದಿವೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಥೆ ಎಣ್ಮಕಜೆಯ ಪಡ್ರೆಯಂತಹ ಊರುಗಳ ಮನೆಮನೆಗೂ ಗೊತ್ತು. ಆ ಸಿಂಪಡಣೆಗೆ ಇಂಗ್ಲಿಷ್ ಪತ್ರಿಕೆ ಬಳಸುವ ಮಾತು 'ಏರಿಯಲ್ ಸ್ಪ್ರೇಯಿಂಗ್'. 2011ರ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ದೇಶದಾದ್ಯಂತ ತಡೆಯಿತು. ಅದು 'ಇಂಟರಿಮ್' ಆದೇಶ, ಅಂದರೆ ಮಧ್ಯಂತರ ಆದೇಶ. ಪ್ರಕರಣ ಮುಗಿಯುವ ಮೊದಲೇ ಕೊಟ್ಟದ್ದು. 2017ರ ಜನವರಿ 10ರಂದು ಅದೇ ನ್ಯಾಯಾಲಯ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ನೀಡಬೇಕೆಂದು ರಾಜ್ಯ ಸರಕಾರಕ್ಕೆ ಆದೇಶಿಸಿತು. ಆದೇಶ ಪಾಲನೆಯಾಗಲಿಲ್ಲವೆಂಬ ದೂರು 2022ರಲ್ಲಿ 'ಕಂಟೆಂಪ್ಟ್' ಅರ್ಜಿಯಾಗಿ, ಅಂದರೆ ನ್ಯಾಯಾಂಗ ನಿಂದನೆಯ ಅರ್ಜಿಯಾಗಿ, ಮತ್ತೆ ಅದೇ ನ್ಯಾಯಾಲಯದ ಮುಂದೆ ಬಂತು.

ಇಲ್ಲಿ ಕನ್ನಡದ ಒಂದು ಪದ ಹೆತ್ತವರ ಗಮನಕ್ಕೆ ಬರಬೇಕು. 'ಪರಿಹಾರ' ಎಂದು ನಾವು ಒಂದೇ ಪದದಲ್ಲಿ ಹೇಳುವುದನ್ನು ಇಂಗ್ಲಿಷ್ ಹಲವು ಪದಗಳಿಗೆ ಹಂಚಿಕೊಟ್ಟಿದೆ. ಸಮಸ್ಯೆಯ ಪರಿಹಾರ 'ಸೊಲ್ಯೂಷನ್'. ನೆರೆಗೆ ಸಿಕ್ಕಿದವರಿಗೆ ತಕ್ಷಣ ಕೊಡುವ ಅಕ್ಕಿ, ಬಟ್ಟೆ, ಆಸರೆ 'ರಿಲೀಫ್'. ಕಾನೂನಿನ ಮೂಲಕ ನ್ಯಾಯ ಪಡೆಯುವ ದಾರಿ 'ರೆಮಿಡಿ'. ಆದ ನಷ್ಟಕ್ಕೆ ಪ್ರತಿಯಾಗಿ ಸಲ್ಲಬೇಕಾದ ಹಣ 'ಕಾಂಪೆನ್ಸೇಶನ್'. ಕೊಡಬೇಕಾದ ಕಾನೂನಿನ ಬಾಧ್ಯತೆ ಇಲ್ಲದಿದ್ದರೂ ಅನುಕಂಪದಿಂದ ಕೊಡುವ ಹಣ 'ಎಕ್ಸ್ ಗ್ರೇಷಿಯಾ'. ಕೊನೆಯ ಎರಡರ ನಡುವಣ ಅಂತರ ಬಹಳ ದೊಡ್ಡದು. ಮೊದಲನೆಯದನ್ನು ಹಕ್ಕೆಂದು ಕೇಳಬಹುದು; ಎರಡನೆಯದನ್ನು ಕೊಟ್ಟಾಗ ಪಡೆಯಬಹುದು. ಕಚೇರಿಯಿಂದ ಬಂದ ಕಾಗದದಲ್ಲಿ ಈ ಎರಡರಲ್ಲಿ ಯಾವ ಪದವಿದೆಯೆಂದು ಓದಿ ಹೇಳಬಲ್ಲ ಮಗು ಮನೆಯಲ್ಲಿದ್ದರೆ ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳುವುದಕ್ಕೆ ಅವಕಾಶವಾಗುತ್ತದೆ.

ತದ್ವಿರುದ್ಧವಾಗಿ ಇಂಗ್ಲಿಷಿನ ಒಂದೇ ಪದ ಕನ್ನಡದಲ್ಲಿ ಎರಡಾಗುವುದೂ ಉಂಟು. 'ಸ್ಯಾಂಕ್ಷನ್' ಎಂದರೆ ಮನೆಸಾಲದ ಸುದ್ದಿಯಲ್ಲಿ ಮಂಜೂರಾತಿ. ಒಂದು ದೇಶ ಇನ್ನೊಂದರ ಮೇಲೆ ಹೇರಿದ ಸುದ್ದಿಯಲ್ಲಿ ನಿರ್ಬಂಧ. ಒಂದು ಭಾಷೆಯ ಪದಕ್ಕೆ ಇನ್ನೊಂದರ ಪದ ಸರಿಯಾಗಿ ಹೊಂದಿ ಕೂರುವುದಿಲ್ಲವೆಂಬುದನ್ನು ಬಲ್ಲವನು ಎರಡೂ ಭಾಷೆಗಳನ್ನು ಎಚ್ಚರದಿಂದ ಬಳಸುತ್ತಾನೆ. ಆ ಹೋಲಿಕೆ ಸಾಧ್ಯವಾಗುವುದು ಕನ್ನಡ ಗಟ್ಟಿಯಾಗಿ ಬರುವ ಮಗುವಿಗೆ. ತಾಯ್ನುಡಿಯಲ್ಲಿ 'ಬಾಧ್ಯತೆ' ಎಂಬ ಪದ ತಿಳಿಯದವನಿಗೆ ಇಂಗ್ಲಿಷಿನಲ್ಲಿ 'ಲಯಬಿಲಿಟಿ' ಎಂಬುದು ಬರಿಯ ಸದ್ದು.

ಗಡಿನಾಡ ಕನ್ನಡಿಗರ ಬದುಕೂ ಇಂತಹ ಪದಗಳಲ್ಲಿಯೇ ಬರೆದಿಟ್ಟ ಬದುಕು. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾದಾಗ ಕಾಸರಗೋಡು ಕೇರಳದ ಪಾಲಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ಆದರೆ ಅದು 'ರೆಕಮಂಡೇಶನ್', ಶಿಫಾರಸು, 'ಆರ್ಡರ್' ಅಲ್ಲ. ಜಾರಿಗೆ ಬರಲಿಲ್ಲ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕ್ರಮ ಮೊದಲು 'ಆರ್ಡಿನೆನ್ಸ್' ಆಗಿ, ಬಳಿಕ 'ಬಿಲ್' ಆಗಿ, ಕೊನೆಗೆ 'ಆ್ಯಕ್ಟ್' ಆಗಿ ಬಂತು. ಸುಗ್ರೀವಾಜ್ಞೆ, ಮಸೂದೆ, ಕಾಯಿದೆ ಎಂಬ ಈ ಮೂರು ಮೆಟ್ಟಿಲುಗಳಲ್ಲಿ ಯಾವುದರ ಮೇಲೆ ನಿಂತಾಗ ಯಾರಿಗೆ ಮನವಿ ಕೊಡಬೇಕೆಂಬುದು ಬೇರೆ ಬೇರೆ.

ಸಂವಿಧಾನದ ಎರಡು ವಿಧಿಗಳಲ್ಲಿ ಬರುವ ಎರಡು ಪದಗಳನ್ನು ಕನ್ನಡ ಮಾಧ್ಯಮದ ಪ್ರತಿಯೊಂದು ಕುಟುಂಬವೂ ಅರಿತಿರಬೇಕು. ಧರ್ಮ ಅಥವಾ ಭಾಷೆಯ ಆಧಾರದ ಅಲ್ಪಸಂಖ್ಯಾತರು ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಬಗ್ಗೆ ಹೇಳುವ 30ನೇ ವಿಧಿಯಲ್ಲಿ 'ರೈಟ್' ಎಂಬ ಪದವಿದೆ, ಅದು ಹಕ್ಕು. 1956ರ ಏಳನೇ ತಿದ್ದುಪಡಿಯಿಂದ ಬಂದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಒದಗಿಸುವುದನ್ನು ರಾಜ್ಯದ 'ಎಂಡೆವರ್' ಎಂದು ಕರೆಯುತ್ತದೆ. ಅಂದರೆ ಶ್ರಮಪಟ್ಟು ಮಾಡುವ ಪ್ರಯತ್ನ. ಆ ಸೌಕರ್ಯ 'ಅಡಿಕ್ವೇಟ್', ಅಂದರೆ ಸಾಕಷ್ಟು ಇರಬೇಕು. ಅದಕ್ಕಾಗಿ ರಾಷ್ಟ್ರಪತಿಯವರು ರಾಜ್ಯಗಳಿಗೆ ನಿರ್ದೇಶನ ನೀಡಬಹುದೆಂದೂ ಅದೇ ವಿಧಿ ಹೇಳುತ್ತದೆ. ಕನ್ನಡ ಬಲ್ಲ ಶಿಕ್ಷಕರು ಬೇಕೆಂದು ಶಾಲೆಯ ರಕ್ಷಕ ಶಿಕ್ಷಕ ಸಂಘ ಮನವಿ ಬರೆಯುವಾಗ 'ರಿಕ್ವೆಸ್ಟ್' ಎಂದು ಬರೆದರೆ ಕೋರಿಕೆ, 'ಎಂಟೈಟಲ್ಡ್' ಎಂದು ಬರೆದರೆ ಅರ್ಹತೆಯ ನೆನಪು. ಎಲ್ಲಿ ಯಾವುದನ್ನು ಬರೆಯಬೇಕೆಂದು ತಿಳಿಯುವುದಕ್ಕೆ ಇಂಗ್ಲಿಷ್ ಬೇಕು. ಏಕೆ ಬರೆಯಬೇಕೆಂದು ತಿಳಿಯುವುದಕ್ಕೆ ಕನ್ನಡ ಬೇಕು.

ಇದನ್ನು ಮನೆಯಲ್ಲಿ ಆರಂಭಿಸುವುದಕ್ಕೆ ಖರ್ಚಿಲ್ಲ. ದಿನಕ್ಕೊಂದೇ ಸುದ್ದಿ ಸಾಕು. ಅದು ಮಗುವಿಗೆ ಆಸಕ್ತಿಯಿರುವ ಸುದ್ದಿಯಾಗಿರಲಿ, ಕ್ರಿಕೆಟ್ ಆದರೂ ಅಡ್ಡಿಯಿಲ್ಲ. ಮೊದಲು ಕನ್ನಡ ಪತ್ರಿಕೆಯಲ್ಲಿ ಓದಲಿ. ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷ್ ಪತ್ರಿಕೆಯಲ್ಲಿ ಹುಡುಕಲಿ. ಮನೆಗೆ ಎರಡನ್ನೂ ತರಿಸಲಾಗದಿದ್ದರೆ ಊರಿನ ವಾಚನಾಲಯವಿದೆ. ತಿಳಿಯದ ಪದಗಳನ್ನೆಲ್ಲ ಬರೆದುಕೊಳ್ಳುವುದು ಬೇಡ, ಮೂರು ಸಾಕು. ಬರೆಯುವಾಗ ಬಿಡಿ ಪದವನ್ನಲ್ಲ, ಇಡೀ ವಾಕ್ಯವನ್ನು ದಿನಾಂಕದೊಂದಿಗೆ ಬರೆಯಬೇಕು. ಎದುರಿಗೆ ಕನ್ನಡ ಪತ್ರಿಕೆ ಅದೇ ಸಂಗತಿಗೆ ಬಳಸಿದ ಪದವನ್ನು ಬರೆಯಬೇಕು. ನಿಘಂಟನ್ನು ತೆರೆಯುವುದು ಕೊನೆಗೆ, ಊಹಿಸಿದ್ದು ಸರಿಯೇ ಎಂದು ನೋಡುವುದಕ್ಕೆ. ಭಾನುವಾರ ಕನ್ನಡದ ಬದಿಯನ್ನಷ್ಟೇ ತೆರೆದಿಟ್ಟು ಇಂಗ್ಲಿಷ್ ಪದವನ್ನು ಕೇಳಬೇಕು. ಮುಂದಿನ ಭಾನುವಾರ ಅದನ್ನೇ ತಿರುಗಿಸಬೇಕು. ದಿನಕ್ಕೆ ಮೂರರಂತೆ ವರ್ಷಕ್ಕೆ ಸಾವಿರ ಪದಗಳು. ಅರ್ಧ ಮರೆತರೂ ಐನೂರು ಉಳಿದವು.

ಮುಂದೆ ಕಾನೂನು ಕಲಿಯಬೇಕೆಂಬ ಮಕ್ಕಳಿಗೆ ಇದರಿಂದ ನೇರ ಪ್ರಯೋಜನವೂ ಇದೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ 'ಕ್ಲಾಟ್' ಪ್ರವೇಶ ಪರೀಕ್ಷೆಯಲ್ಲಿ 2020ರಿಂದ ಪ್ರಶ್ನೆಗಳು ಓದಿ ಅರ್ಥಮಾಡಿಕೊಳ್ಳಬೇಕಾದ ಗದ್ಯಭಾಗಗಳನ್ನು ಆಧರಿಸಿರುತ್ತವೆ. ಪ್ರಚಲಿತ ವಿದ್ಯಮಾನಗಳಿಗೇ ಒಂದು ವಿಭಾಗವಿದೆ. ಎಂಟನೇ ತರಗತಿಯಿಂದ ಸುದ್ದಿಯನ್ನು ಎರಡು ಭಾಷೆಗಳಲ್ಲಿ ಓದಿದವರಿಗೆ ಅದು ಅಪರಿಚಿತ ಬಗೆಯ ಪ್ರಶ್ನೆಯಲ್ಲ.

ಪತ್ರಿಕೆಯ ಇಂಗ್ಲಿಷ್ ಸಾಹಿತ್ಯದ ಇಂಗ್ಲಿಷ್ ಅಲ್ಲವೆಂಬುದೂ, ಅಲ್ಲಿ ಕಳವು ಕೊಲೆಗಳ ಪದಗಳೇ ಹೆಚ್ಚೆಂಬುದೂ ನಿಜ. ಆದುದರಿಂದ ಸುದ್ದಿಯನ್ನು ಆರಿಸುವ ಕೆಲಸ ಹಿರಿಯರದ್ದು. ಮಳೆ, ಬೆಳೆ, ಅಡಿಕೆಯ ಧಾರಣೆ, ಪಂಚಾಯತಿನ ಸಭೆ, ಆಸ್ಪತ್ರೆ, ಹೆದ್ದಾರಿ, ಶಾಲೆ ಇವೆಲ್ಲ ದಿನವೂ ಸುದ್ದಿಯಲ್ಲಿವೆ. ಮಾಧ್ಯಮ ಬದಲಿಸುವ ಅರ್ಜಿಗೆ ಸಹಿ ಹಾಕುವ ಮೊದಲು ಒಂದು ವರ್ಷ ಈ ಕ್ರಮವನ್ನು ಅನುಸರಿಸಿ ನೋಡುವುದು ಹೆತ್ತವರಿಗೆ ಕಷ್ಟವಾಗಲಾರದು. ಅದರಿಂದ ಮಗುವಿಗೆ ಇಂಗ್ಲಿಷ್ ದೊರೆಯುತ್ತದೆ. ಅದಕ್ಕಾಗಿ ಕನ್ನಡವನ್ನು ಕಳೆದುಕೊಳ್ಳಬೇಕಾಗುವುದಿಲ್ಲ.